ಲತಾಮಣಿಯ ತಣ್ಣೀರಿನ ರೆಗ್ಯುಲೇಟರ್

ಲತಾಮಣಿ ಏನು ಕೆಲಸ ಮಾಡುತ್ತಾಳೆ ಎಂದು ಕಣಕಟ್ಟೆಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರ ಪ್ರಕಾರ ಅವಳು ಅಣೆಕಟ್ಟೆಯ ಇಂಜಿನಿಯರು. ಬಸ್‌ಸ್ಟಾಪಿನ ಹೋಟೆಲಿನವನು ಅವಳನ್ನು ಮೀನುಗಾರಿಕೆ ಇಲಾಖೆಗೆ ಸೇರಿಸಿ ಎಷ್ಟೋ ವರ್ಷವಾಯಿತು. ಅವಳ ತಾಯಿ ದ್ಯಾವಮ್ಮ ಮಾತ್ರ ಸುತ್ತುಬಳಸಿ ಹೇಳುವವಳಲ್ಲ. "ಅವ್ಳಪ್ಪ ಮಾಡ್ತಿದ್ದ ಕೆಲಸಾನೇ ಕಣ್ರೀ. ನೀರಿಗೆ ಇಳೀತಾಳೆ" ಎಂದು ರಾಗಿ ಕೇರುತ್ತಾ ಹೇಳಿ ಮುಗಿಸುತ್ತಾಳೆ.

ದ್ಯಾವಮ್ಮ ಹೇಳುವುದೇ ನಿಜ. ಲತಾಮಣಿಯ ಅಪ್ಪ ಮರಿಯಣ್ಣ ಸುತ್ತಮುತ್ತಲ ತೆಂಗಿನ ತೋಟಗಳ ಬಾವಿಗಳಿಗೆ ಬಿದ್ದದ್ದನ್ನೆಲ್ಲ ಎತ್ತಿಕೊಡುತ್ತಿದ್ದ ಮನುಷ್ಯ. ಬಿಂದಿಗೆ, ಪಂಪು, ಫುಟ್‌ವಾಲ್ವು, ಒಮ್ಮೆ ಗಂಡಸಿ ಊರಿನಲ್ಲಿ ಮದುವೆ ಮನೆಯವರ ಬಂಗಾರದ ಡಾಬು, ಏನು ಬಿದ್ದರೂ ಅವನಿಗೆ ಹೇಳಿ ಕಳಿಸುತ್ತಿದ್ದರು. ಅವನ ತಾಯಿ ಯಾವ ಬಾವಿಗೆ ಬಿಂದಿಗೆ ಇಳಿಸುವಂತಿರಲಿಲ್ಲವೋ ಅದೇ ಬಾವಿಯ ತಳದ ಕೆಸರಿಗೆ ಮಗ ಇಳಿಯಬೇಕಿತ್ತು. ಬಿಂದಿಗೆ ಮುಟ್ಟಿದರೆ ಕೆಡುವ ನೀರು ಆಳು ಮುಳುಗಿದರೆ ಕೆಡುವುದಿಲ್ಲ ಎನ್ನುವ ನ್ಯಾಯವನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ಗೊತ್ತಿಲ್ಲ. ಮರಿಯಣ್ಣ ಅದನ್ನು ನೆನೆದು ನಗುತ್ತಿದ್ದ. ದ್ಯಾವಮ್ಮ ಇವತ್ತಿಗೂ ನಗುವುದಿಲ್ಲ.

ಮೊದಲು ಬರೀ ಉಸಿರು ಬಿಗಿಹಿಡಿದು ಮುಳುಗುತ್ತಿದ್ದವನು, ಆಮೇಲೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ತಂದು ಬಾವಿಯ ದಡದಲ್ಲಿಟ್ಟು, ಅದರ ಪೈಪು ಬಾಯಿಗಿಟ್ಟುಕೊಂಡು ಇಳಿಯತೊಡಗಿದ. ತಲೆ ನೆಟ್ಟಗಿರುವ ಯಾರೂ ಮಾಡಬಾರದ ಕೆಲಸ ಅದು. ಬೇಲೂರಿನ ಕಡೆಯ ಒಂದು ತೋಟದಲ್ಲಿ ಪೈಪು ಮೇಲೆಯೇ ಮಡಚಿಕೊಂಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ತಳ ಮುಟ್ಟಿದ ಮೇಲೆ ಬಾಯಿಗೆ ಗಾಳಿಯೇ ಬರಲಿಲ್ಲ. ಸೊಂಟದ ಹಗ್ಗ ಹಿಡಿದು ಕೂತಿದ್ದ ದ್ಯಾವಮ್ಮ ಎಳೆದ ಎಳೆತಕ್ಕೆ ಅವನು ಬದುಕಿ ಬಂದ. ಅಂದು ಅವಳೊಂದು ಕಟ್ಟುಪಾಡು ಮಾಡಿದಳು. ನೀರಿಗೆ ಇಳಿಯುವ ಮುಂಚೆ ಪೈಪಿನ ತುದಿಯ ನಲ್ಲಿ ತಿರುಗಿಸಿ ಎರಡು ಸಲ ಬುಸ್, ಬುಸ್ ಎನ್ನಿಸಬೇಕು. ಆ ಸದ್ದು ಕಿವಿಗೆ ಬಿದ್ದರೆ ಮಾತ್ರ ಅವಳು ಹಗ್ಗ ಬಿಡುತ್ತಾಳೆ. ಅದು ಮುಂದೆ ಆ ಮನೆಯಲ್ಲಿ ಊಟಕ್ಕೆ ಮುಂಚೆ ಕೈ ತೊಳೆದಷ್ಟೇ ಸಹಜವಾಗಿ ಹೋಯಿತು. ಮರಿಯಣ್ಣ ಎಷ್ಟೋ ವರ್ಷದ ಮೇಲೆ ಜ್ವರ ಬಂದು ಮನೆಯ ಹಾಸಿಗೆಯಲ್ಲೇ ತೀರಿಕೊಂಡ. ನೀರು ಅವನನ್ನು ಏನೂ ಮಾಡಲಿಲ್ಲ. ಆ ಎರಡು ಬುಸ್ಸುಗಳಿಂದಲೇ ಅವನು ಉಳಿದದ್ದು ಎಂದು ದ್ಯಾವಮ್ಮನ ನಂಬಿಕೆ, ಅದನ್ನು ಸುಳ್ಳು ಎನ್ನುವ ಧೈರ್ಯ ಊರಿನಲ್ಲಿ ಯಾರಿಗೂ ಇಲ್ಲ.

ಲತಾಮಣಿ ಬೆನ್ನಿಗೆ ಜೋಡಿ ಒಣಗಾಯಿ ಕಟ್ಟಿಕೊಂಡು ಈಜು ಕಲಿತಳು. ಅರಸೀಕೆರೆಯಲ್ಲಿ ಡಿಗ್ರಿ ಮುಗಿಸಿದ ವರ್ಷ, ಬೇಲೂರಿನ ಯಗಚಿ ಜಲಾಶಯದ ಗೇಟು ನೋಡಲು ಮಂಗಳೂರಿನ ಒಂದು ಖಾಸಗಿ ಕಂಪನಿ ಬಂದಿತ್ತು. ಅವರ ಕ್ಯಾಮೆರಾ ನೀರಿಗೆ ಬಿತ್ತು, ಯಾರೋ ಮರಿಯಣ್ಣನ ಹೆಸರು ಹೇಳಿದರು, ಮರಿಯಣ್ಣನಿಗೆ ಆಗಲೇ ಮೈಯಲ್ಲಿ ಹುಷಾರಿರಲಿಲ್ಲ. ಹೋದವಳು ಮಗಳು. ಕ್ಯಾಮೆರಾ ಸಿಕ್ಕಿತು, ಜೊತೆಗೆ ನೌಕರಿಯೂ ಸಿಕ್ಕಿತು. ಕಂಪನಿ ನಡೆಸುವ ಇಂದುಧರ ಅವಳಿಗೆ ಸಿಲಿಂಡರ್ ಕಟ್ಟಿಕೊಂಡು ಸರಿಯಾಗಿ ಡೈವಿಂಗ್ ಮಾಡುವುದನ್ನು ಕಲಿಸಿದ. ಸಾಮಾನು ಬಿಚ್ಚಿ ತೊಳೆದು ಜೋಡಿಸುವುದನ್ನು ಅವಳೇ ಕಲಿತಳು. ಈಗ ಕಂಪನಿಯ ಯಾವ ರೆಗ್ಯುಲೇಟರ್ ಕೆಟ್ಟರೂ ಬರುವುದು ಅವಳ ಮೇಜಿಗೇ.

ಸಿಲಿಂಡರಿನೊಳಗೆ ಅದುಮಿಟ್ಟ ಗಾಳಿಯನ್ನು ಹಾಗೇ ಬಾಯಿಗೆ ಬಿಟ್ಟರೆ ಶ್ವಾಸಕೋಶ ಒಡೆದೇ ಹೋಗುತ್ತದೆ. ರೆಗ್ಯುಲೇಟರ್ ಅದನ್ನು ಎರಡು ಕಡೆ ತಗ್ಗಿಸುತ್ತದೆ. ಸಿಲಿಂಡರಿನ ಕತ್ತಿಗೆ ಬಿಗಿಯುವ ತುಂಡು ಅರ್ಧ ಕೆಲಸ ಮಾಡಿದರೆ, ಬಾಯಿಗಿಟ್ಟುಕೊಳ್ಳುವ ತುಂಡು ಉಳಿದದ್ದನ್ನು ಮಾಡುತ್ತದೆ. ಬಾಯಿಯ ತುಂಡಿನ ಮೇಲೊಂದು ಗುಂಡಿ ಇರುತ್ತದೆ, ಒತ್ತಿದರೆ ಗಾಳಿ ಬುಸ್ಸೆಂದು ನುಗ್ಗುತ್ತದೆ. ಲತಾಮಣಿ ರಜೆಗೆ ಬಂದಾಗ ಊರ ಬಾವಿಗಳಿಗೆ ಇಳಿಯುವುದುಂಟು. ಆಗ ನಲ್ಲಿಯ ಬದಲು ಆ ಗುಂಡಿ ಒತ್ತುತ್ತಿದ್ದಳು, ಎರಡು ಸಲ. ದಡದಲ್ಲಿ ದ್ಯಾವಮ್ಮ ಹಗ್ಗ ಸಡಿಲಿಸುತ್ತಿದ್ದಳು. ಯಂತ್ರ ಬದಲಾಗಿತ್ತು, ಪದ್ಧತಿ ಬದಲಾಗಿರಲಿಲ್ಲ. ಮಂಗಳೂರಿನಲ್ಲೂ ಅವಳ ಹೆಬ್ಬೆರಳು ಹಾಗೇ ಮಾಡುತ್ತಿತ್ತು, ಜೊತೆಯವರು ಇದೊಂದು ಶಾಸ್ತ್ರ ಎಂದು ರೇಗಿಸುತ್ತಿದ್ದರು.

ಈ ಚಳಿಗಾಲಕ್ಕೆ ಇಂದುಧರನಿಗೆ ಹಿಮಾಚಲದ ಒಂದು ಅಣೆಕಟ್ಟೆಯ ಕೆಲಸ ಸಿಕ್ಕಿತು. ಮೇಲೆ ಹಿಮ, ಒಳಗೆ ಮೂರು ನಾಲ್ಕು ಡಿಗ್ರಿಯ ನೀರು. ಇಳಿಯುವವರು ಮೂವರು, ಅವರನ್ನು ಮುನ್ನಡೆಸುವವಳು ಲತಾಮಣಿ. ಇಷ್ಟು ವರ್ಷ ಯಾವ ತಂಡದಲ್ಲೂ ಅವಳು ಎರಡನೆಯವಳು, ಅರ್ಧ ಸಲ ದಡದಲ್ಲೇ ಉಳಿಯುವವಳು. ಈ ಸಲ ಮುಂದಾಳತ್ವ ಅವಳದು. ಸಂತೋಷಕ್ಕೆ ಅವಳಿಗೆ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ತಣ್ಣೀರಿನಲ್ಲಿ ರೆಗ್ಯುಲೇಟರಿಗೆ ಒಂದು ಕಾಯಿಲೆ ಬರುತ್ತದೆ. ಸೈಕಲ್ ಟ್ಯೂಬಿನ ವಾಲ್ವು ಒತ್ತಿ ಗಾಳಿ ಬಿಟ್ಟರೆ ಬೆರಳಿಗೆ ತಣ್ಣಗೆ ತಾಗುತ್ತದಲ್ಲ, ಹಾಗೆಯೇ ಸಿಲಿಂಡರಿನ ಗಾಳಿ ಹೊರಬರುವಾಗಲೂ ತಣ್ಣಗಾಗುತ್ತದೆ, ಅದಕ್ಕಿಂತ ನೂರು ಪಟ್ಟು. ಸುತ್ತಲಿನ ನೀರೂ ತಣ್ಣಗಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಿ ವಾಲ್ವು ತೆರೆದೇ ಉಳಿಯುತ್ತದೆ. ಆಮೇಲೆ ಗಾಳಿ ನಿಲ್ಲದೆ ಹರಿದು, ನೋಡುನೋಡುತ್ತಿದ್ದಂತೆ ಸಿಲಿಂಡರ್ ಬರಿದು. ಅದಕ್ಕೇ ಇಂದುಧರ ರೆಗ್ಯುಲೇಟರಿನ ಎರಡು ಮಾದರಿ ತರಿಸಿ, ತುಂಬಿದ ಐದಾರು ಸಿಲಿಂಡರುಗಳ ಜೊತೆ ಊರಿಗೆ ಹೊರಟವಳ ಜೀಪಿನಲ್ಲಿ ಇಟ್ಟಿದ್ದ.

"ನೀವು ಯಾವುದು ಅಂತೀರೋ ಅದನ್ನೇ ಮೂವರಿಗೂ ತರಿಸ್ತೀನಿ ಲತಾಮಣಿ. ಸೋಮವಾರ ಹೇಳಿ. ಎರಡರ ಮೇಲೂ ನಂಬಿಕೆ ಬರದಿದ್ರೆ ಈ ಕೆಲಸವನ್ನೇ ಬಿಟ್ಬಿಡೋಣ, ಜೀವದ ಜೊತೆ ಆಟ ಬೇಡ" ಎಂದಿದ್ದ.

ಎರಡರ ಡಬ್ಬದ ಮೇಲೂ ತಣ್ಣೀರಿಗೆ ಸರಿ ಎಂದು ಅಚ್ಚಾಗಿತ್ತು. ಒಂದು ಹಗುರ, ಕೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಎನ್ನಿಸುವಂಥದ್ದು, ಉಸಿರು ಕೇಳುವ ಮೊದಲೇ ಕೊಡುವಂಥದ್ದು. ಲತಾಮಣಿಗೆ ಅದರ ಮೇಲೇ ಮನಸ್ಸು. ಆದರೆ ಅದರ ಕತ್ತಿನ ತುಂಡಿನ ಸ್ಪ್ರಿಂಗಿಗೆ ನೀರು ನೇರ ತಾಗುತ್ತದೆ. ಇನ್ನೊಂದು ಭಾರ, ನೋಡಲು ಗುಡಾಣದ ಹಾಗೆ. ಅದರ ಸ್ಪ್ರಿಂಗಿಗೆ ನೀರು ತಾಗದಂತೆ ರಬ್ಬರಿನ ಪರದೆ ಮುಚ್ಚಿತ್ತು. ಬಾಯಿಯ ತುಂಡು ಪ್ಲಾಸ್ಟಿಕ್ಕಲ್ಲ, ಲೋಹದ್ದು, ನೀರಿನಿಂದಲೇ ಅಷ್ಟಿಷ್ಟು ಶಾಖ ಎಳೆದುಕೊಳ್ಳಲು ಮೈಮೇಲೆ ಗೀರುಗಳಿದ್ದವು. ಡಬ್ಬದ ಮಾತು ನಂಬಿ ಇಬ್ಬರನ್ನು ಕತ್ತಲೆ ನೀರಿಗೆ ಕರೆದೊಯ್ಯುವುದು ಅವಳಿಂದ ಆಗುವ ಕೆಲಸವಲ್ಲ. ಕಣಕಟ್ಟೆಯಲ್ಲೇ ಹಿಮಾಚಲ ಮಾಡುತ್ತೇನೆ ಎಂದು ಹೊರಟಳು.

ಗಂಗಾಧರಯ್ಯನವರದು ಕೊಬ್ಬರಿ ವ್ಯಾಪಾರ, ದೊಡ್ಡ ತೋಟ. ತೋಟದಲ್ಲಿ ನೀರಿರುವ ಬಾವಿ, ಪಕ್ಕದಲ್ಲಿ ಸಿಮೆಂಟಿನ ತೊಟ್ಟಿ. ಮಂಡಿಗಿಂತ ತುಸು ಎತ್ತರದ ಆ ತೊಟ್ಟಿಯನ್ನು ಲತಾಮಣಿ ಕೇಳಿದಾಗ ಇಲ್ಲ ಎನ್ನಲಿಲ್ಲ. ಅರಸೀಕೆರೆಯಿಂದ ಗೋಣಿಚೀಲದಲ್ಲಿ ಸುತ್ತಿ ತಂದ ಐಸ್ ಗಡ್ಡೆಗಳನ್ನು ಅವಳು ಒಡೆದು ತೊಟ್ಟಿಗೆ ಸುರಿಯುತ್ತಿದ್ದಾಗ ಬಂದು ನೋಡಿದರು.

"ಏನಮ್ಮ, ಸೋಡಾ ಅಂಗಡಿ ಇಡ್ತೀಯೋ?"

"ಇಲ್ಲ ಅಣ್ಣ, ಒಂದಿಷ್ಟು ಕಲ್ಲುಪ್ಪು ಬೇಕಿತ್ತು. ಹಾಕಿದ್ರೆ ಇನ್ನೂ ತಣ್ಣಗಾಯ್ತದೆ."

"ಉಪ್ಪು ಹಾಕ್ತೀಯಾ? ಹಂಗಾದ್ರೆ ಉಪ್ಪಿನಕಾಯಿನೇ" ಎನ್ನುತ್ತಾ ಅವರೇ ಮನೆಯಿಂದ ಒಂದು ಚೀಲ ಕಲ್ಲುಪ್ಪು ತರಿಸಿಕೊಟ್ಟರು.

ಸಿಲಿಂಡರನ್ನು ಕತ್ತಿನ ತುಂಡಿನ ಸಮೇತ ಆ ಐಸಿನ ಅಂಬಲಿಯಲ್ಲಿ ಮುಳುಗಿಸಿ ಒಂದು ಗಂಟೆ ಹೊತ್ತು ತಣ್ಣಗಾಗಲು ಬಿಟ್ಟಿದ್ದಳು. ಬಾಯಿಯ ತುಂಡನ್ನೂ ಜೊತೆಗೆ ಅದ್ದಿಟ್ಟಿದ್ದಳು. ಮೊದಲು ಹಗುರದ್ದು. ತೊಟ್ಟಿಯ ಪಕ್ಕ ಮಂಡಿಯೂರಿ, ಕನ್ನಡಕ ಬಿಗಿದು, ಮುಖ ಅದ್ದಲು ಬಗ್ಗಿದಳು. ಯಾರೋ ಸೊಂಟ ಹಿಡಿದಂತಾಗಿ ತಿರುಗಿ ನೋಡಿದರೆ ದ್ಯಾವಮ್ಮ ಹಗ್ಗ ಕಟ್ಟುತ್ತಿದ್ದಾಳೆ.

"ಅವ್ವಾ, ತೊಟ್ಟಿ ಕಣವ್ವ ಇದು! ಮಂಡಿಯುದ್ದ ನೀರೈತೆ!"

"ಇರ್ಲಿ. ನೀರು ಅಂದ್ರೆ ನೀರೇಯ. ಗಾಳಿ ಬತ್ತೈತೇನೆ? ಕೇಳ್ಸು."

ಲತಾಮಣಿ ನಗುತ್ತಲೇ ಬಾಯಿಯ ತುಂಡನ್ನು ಮೇಲೆತ್ತಿ ಗುಂಡಿ ಒತ್ತಿದಳು. ಬುಸ್. ಬುಸ್. ದ್ಯಾವಮ್ಮ ಹಗ್ಗ ಸಡಿಲಿಸಿದಳು. ಗಂಗಾಧರಯ್ಯ ನಗು ತಡೆಯಲಾರದೆ ತೆಂಗಿನ ಮರದ ಕಡೆ ಮುಖ ಮಾಡಿ ನಿಂತರು.

ಮುಖ ಅದ್ದಿದಾಗ ಹಣೆಯ ಮೇಲೆ ಸುತ್ತಿಗೆಯ ಪೆಟ್ಟು ಬಿದ್ದಂತಾಯಿತು. ಕೆಲವು ಉಸಿರು ಸುಖವಾಗಿ ಬಂದವು. ಆಮೇಲೆ ಬಾಯೊಳಗೆ ಗಾಳಿ ತಾನೇ ನುಗ್ಗತೊಡಗಿತು, ತೊಟ್ಟಿಯೆಲ್ಲ ಕೊತಕೊತ ಕುದಿಯಿತು. ಎದ್ದು ಸಿಲಿಂಡರ್ ಮುಚ್ಚಿದಳು. ಕತ್ತಿನ ಸ್ಪ್ರಿಂಗಿನ ಸುತ್ತ ಬೆಳ್ಳಗೆ ಗಡ್ಡೆ ಕಟ್ಟಿತ್ತು. ಮನಸ್ಸಿಗೆ ಹಿಡಿಸಿದ್ದು ಹೋಯಿತು. ಬೇಸರವಾದರೂ ಆಶ್ಚರ್ಯವಾಗಲಿಲ್ಲ.

ಭಾರದ್ದನ್ನು ಇನ್ನೊಂದು ಸಿಲಿಂಡರಿಗೆ ಬಿಗಿದು, ಅದಕ್ಕೂ ಅಷ್ಟೇ ಹೊತ್ತು ತಣ್ಣಗಾಗಲು ಬಿಟ್ಟಳು. ಮತ್ತೆ ಹಗ್ಗ, ಮತ್ತೆ ದ್ಯಾವಮ್ಮನ "ಕೇಳ್ಸು", ಮತ್ತೆ ಬುಸ್, ಬುಸ್. ಇದು ತಡೆದುಕೊಳ್ಳುತ್ತದೆ ಎಂದು ಅವಳಿಗೆ ಖಾತ್ರಿಯಿತ್ತು. ತಡೆದುಕೊಳ್ಳಲಿಲ್ಲ. ಹತ್ತು ಉಸಿರು ಆಗುವಷ್ಟರಲ್ಲಿ ಅದೂ ಹುಚ್ಚು ಹಿಡಿದಂತೆ ಹರಿಯಿತು.

ಲತಾಮಣಿ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ತುಟಿ ನೀಲಿಗಟ್ಟಿತ್ತು, ಕಣ್ಣಲ್ಲಿ ನೀರು ಬಂತು. ಐಸಿನ ಚಳಿಗೆ ಬಂದ ನೀರಲ್ಲ ಅದು. ಸೋಮವಾರ ಇಂದುಧರನಿಗೆ ಎರಡೂ ಬೇಡ ಎಂದರೆ ಮುಗಿಯಿತು. ಹಿಮಾಚಲವೂ ಇಲ್ಲ, ಮುಂದಾಳತ್ವವೂ ಇಲ್ಲ. ಮತ್ತೆ ಇಂಥ ಅವಕಾಶ ಯಾವಾಗಲೋ.

ದ್ಯಾವಮ್ಮ ಸೆರಗಿನಿಂದ ಅವಳ ಮುಖ ಒರೆಸಿದಳು. "ಹೋಗ್ಲಿ ಬಿಡೇ. ಅಷ್ಟು ತಣ್ಣಗಿರೋ ನೀರಿಗೆ ಇಳೀದಿದ್ರೆ ಏನಾಯ್ತದೆ?" ಎಂದಳು. ದನಿಯಲ್ಲಿ ಒಂದು ಸಣ್ಣ ನೆಮ್ಮದಿ ಇತ್ತು. ಅದು ಲತಾಮಣಿಗೆ ಕೇಳಿಸಿತು, ಸಿಟ್ಟೂ ಬಂತು. ಸಿಟ್ಟು ಬಂದಾಗ ಅವಳ ಕೈ ಸ್ಕ್ರೂಡ್ರೈವರ್ ಹುಡುಕುತ್ತದೆ. ಭಾರದ್ದನ್ನು ಅಲ್ಲೇ ಬಿಚ್ಚಿದಳು.

ಕತ್ತಿನ ತುಂಡಿನ ಒಳಗೆ ಚೂರೂ ಮಂಜಿರಲಿಲ್ಲ. ರಬ್ಬರಿನ ಪರದೆ ತನ್ನ ಕೆಲಸ ಮಾಡಿತ್ತು. ಹಾಗಾದರೆ ಸಿಕ್ಕಿಕೊಂಡಿದ್ದೆಲ್ಲಿ? ಬಾಯಿಯ ತುಂಡು ಬಿಚ್ಚಿದರೆ, ಗುಂಡಿಯ ಕೆಳಗಿನ ಸಣ್ಣ ಕಡ್ಡಿಯ ಮೇಲೆ ಉಪ್ಪಿನ ಹರಳಿನಂಥ ಗಡ್ಡೆ ಅಂಟಿತ್ತು. ಬೆರಳಿಟ್ಟರೆ ಕರಗಿತು. ನಾಲಿಗೆಗೆ ಹಚ್ಚಿ ನೋಡಿದಳು, ಸಪ್ಪೆಯಿರಲಿಲ್ಲ. ತೊಟ್ಟಿಯ ನೀರೇ. ಅದ್ದಿಟ್ಟಾಗ ಒಳಗೆ ಸೇರಿದ ನಾಲ್ಕು ಹನಿ. ಆ ಹನಿಗಳ ಮೇಲೆ ಒಂದೇ ಏಟಿಗೆ ಅಷ್ಟು ತಣ್ಣನೆಯ ಗಾಳಿ ನುಗ್ಗಿದ್ದು ಯಾವಾಗ? ಉಸಿರಾಡುವಾಗ ಗಾಳಿ ಮೆಲ್ಲಗೆ ಬರುತ್ತದೆ. ಹಾಗೆ ನುಗ್ಗುವುದು ಗುಂಡಿ ಒತ್ತಿದಾಗ ಮಾತ್ರ.

ಅವಳು ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು.

ಇನ್ನುಳಿದಿದ್ದ ಐಸೆಲ್ಲ ಸುರಿದು, ಎರಡನ್ನೂ ಒಣಗಿಸಿ ಮತ್ತೆ ಮುಳುಗಿಸಿಟ್ಟಳು. ಈ ಸಲ ದ್ಯಾವಮ್ಮ "ಕೇಳ್ಸು" ಎಂದರೂ ಗುಂಡಿ ಮುಟ್ಟಲಿಲ್ಲ, ನೀರಿನ ಮೇಲೆ ಒಂದು ಉಸಿರನ್ನೂ ಎಳೆಯಲಿಲ್ಲ. ಮುಖ ಅದ್ದಿದ ಮೇಲೇ ಬಾಯಿಗಿಟ್ಟುಕೊಂಡು ಮೆಲ್ಲಗೆ ಉಸಿರಾಡಿದಳು. ಹಗುರದ್ದು ಈಗಲೂ ಸ್ಪ್ರಿಂಗಿನಲ್ಲಿ ಗಡ್ಡೆ ಕಟ್ಟಿ ಕೈಕೊಟ್ಟಿತು. ಭಾರದ್ದು ಮಾತ್ರ ಉಸಿರಾಡಿದಷ್ಟೂ ಉಸಿರು ಕೊಟ್ಟಿತು. ಕೆನ್ನೆ ಮರಗಟ್ಟುವವರೆಗೂ ಅವಳು ಮುಖ ಎತ್ತಲಿಲ್ಲ. ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಮಾಪಕದ ಮುಳ್ಳು ನಿಧಾನವಾಗಿ, ನ್ಯಾಯವಾಗಿ ಇಳಿಯುತ್ತಿತ್ತು. ಎದ್ದಾಗ ನಗಲು ಹೋದರೆ ತುಟಿ ಅರಳಲಿಲ್ಲ.

"ಸಿಕ್ತು ಕಣವ್ವಾ! ಇದೇಯ! ಬುಸ್ ಅನ್ನಿಸ್ಬಾರ್ದು, ಅಷ್ಟೇಯ!"

ದ್ಯಾವಮ್ಮನ ಮುಖ ಇಳಿಯಿತು. "ಅನ್ನಿಸ್ದೆ? ಗಾಳಿ ಐತೋ ಇಲ್ವೋ ಹೆಂಗೆ ತಿಳಿಯೋದು?"

"ಮುಳ್ಳು ನೋಡ್ತೀನಿ. ನೀರೊಳಗೆ ತಲೆ ಇಟ್ಟು ಉಸಿರಾಡಿ ನೋಡ್ತೀನಿ."

"ನೀನು ನೋಡ್ತೀಯ. ನಂಗೆ?"

ಲತಾಮಣಿ ರೆಗ್ಯುಲೇಟರನ್ನು ಒರೆಸಿ ಡಬ್ಬಕ್ಕೆ ಹಾಕಿದಳು. ಅವಳಿಗೆ ಇನ್ನೊಂದು ಭಯವೂ ಇತ್ತು. ಇಷ್ಟು ವರ್ಷದ ಅಭ್ಯಾಸ ಅವಳ ತಲೆಯಲ್ಲಿಲ್ಲ, ಹೆಬ್ಬೆರಳಿನಲ್ಲಿದೆ. ಹಿಮಾಚಲದ ದಡದಲ್ಲಿ ಕೈ ತನ್ನಷ್ಟಕ್ಕೆ ತಾನೇ ಒತ್ತಿಬಿಟ್ಟರೆ ಯಾವ ರೆಗ್ಯುಲೇಟರ್ ಆರಿಸಿದರೂ ಒಂದೇ. ಹೋಗುವ ಮುಂಚೆ ಈ ಅಭ್ಯಾಸ ಬಿಡಬೇಕಿತ್ತು. ಅದನ್ನು ಬಿಡುವುದಕ್ಕೆ ಸರಿಯಾದ ಜಾಗ ಅಭ್ಯಾಸ ಅಂಟಿದ್ದ ಬಾವಿಯೇ.

ಭಾನುವಾರ ಬೆಳಿಗ್ಗೆ ಗಂಗಾಧರಯ್ಯನವರ ಬಾವಿಗೆ ಇಳಿದಳು. ಹಗ್ಗ ಹಿಡಿಯಲು ತೋಟದ ಆಳೊಬ್ಬನನ್ನು ಕರೆಯೋಣ ಎಂದಿದ್ದಕ್ಕೆ ದ್ಯಾವಮ್ಮ ಹರಿಹಾಯ್ದಿದ್ದಳು: "ನಾನು ಬದುಕಿರೋವಾಗ್ಲೇ ನಿನ್ನ ಹಗ್ಗ ಕಂಡೋರ ಕೈಗೆ ಕೊಡ್ತೀಯ?" ಹಾಗಾಗಿ ದಡದ ಕಲ್ಲಿನ ಮೇಲೆ ಅವಳೇ ಕೂತಳು, ಹಗ್ಗವನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಂಡು. ಗಂಗಾಧರಯ್ಯ ಈ ಸಲ ನಗದೆ ಸ್ವಲ್ಪ ದೂರದಲ್ಲಿ ನಿಂತರು.

ಮೆಟ್ಟಿಲು ಇಳಿದು ಲತಾಮಣಿ ಎದೆಮಟ್ಟ ನೀರಿನಲ್ಲಿ ನಿಂತಳು. ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ಕೂತೇಬಿಟ್ಟಿತ್ತು, ಕಿತ್ತು ತೆಗೆಯಬೇಕಾಯಿತು. "ಅವ್ವಾ, ಒಳಗೆ ಹೋಗಿ ಉಸಿರಾಡಿ ನೋಡ್ತೀನಿ. ಸರಿಯಿದ್ರೆ ಹಗ್ಗ ಎರಡು ಸಲ ಎಳೀತೀನಿ. ಆಗ ಬಿಡು" ಎಂದು ಕೂಗಿದಳು. ಮೇಲೆ ದ್ಯಾವಮ್ಮ ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

ತಲೆ ಮುಳುಗಿಸಿದಳು. ಉಸಿರು ಬಂತು, ಇನ್ನೊಂದು ಬಂತು. ಹಗ್ಗವನ್ನು ಎರಡು ಸಲ ಎಳೆದಳು. ಹಗ್ಗ ಕದಲಲಿಲ್ಲ. ಮತ್ತೆ ಎಳೆದಳು. ಕಂಬಕ್ಕೆ ಕಟ್ಟಿದ ಹಾಗೆ ಬಿಗಿಯಾಗಿತ್ತು. ಮೇಲೆದ್ದು ಕೂಗಬಹುದಿತ್ತು, ಬೈಯಬಹುದಿತ್ತು. ಅವಳು ಏಳಲಿಲ್ಲ. ಹಸಿರು ನೀರಿನೊಳಗೆ ಗುಳ್ಳೆ ಬಿಡುತ್ತಾ ಕಾದಳು. ಎಳೆದಳು, ಕಾದಳು, ಎಳೆದಳು. ಅವ್ವ ಆ ತುದಿಯಲ್ಲಿ ಮತ್ತೆ ಮತ್ತೆ ಬಿಗಿಹಿಡಿಯುತ್ತಿರುವುದು ಹಗ್ಗದ ಗುಂಟ ಇಳಿದು ಸೊಂಟಕ್ಕೆ ತಿಳಿಯುತ್ತಿತ್ತು. ಪಾಪ ಎನ್ನಿಸಿತು. ಬೇಡ, ಮೇಲೆ ಹೋಗಿ ಒಂದು ಸಲ ಬುಸ್ ಎನ್ನಿಸಿಯೇ ಬಿಡೋಣ, ಇದು ಬೆಚ್ಚಗಿನ ನೀರು, ಏನೂ ಆಗುವುದಿಲ್ಲ ಎಂದೂ ಎನ್ನಿಸಿತು. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡಳು.

ಆಗ ಹಗ್ಗ ಸಡಿಲವಾಯಿತು. ಮೊದಲು ಒಂದು ಗೇಣು. ಆಮೇಲೆ ಒಂದು ಮೊಳ. ಆಮೇಲೆ ನೀರಿನೊಳಗೆ ಸುರುಳಿ ಸುರುಳಿಯಾಗಿ ಬಂದು ಅವಳ ಹೆಗಲ ಮೇಲೆ ಬಿತ್ತು. ಲತಾಮಣಿ ತಲೆ ಕೆಳಗೆ ಮಾಡಿ ತಳಕ್ಕೆ ಇಳಿದಳು.

ಮೇಲೆ ಬಂದಾಗ ದ್ಯಾವಮ್ಮ ಅತ್ತಿದ್ದು ಗೊತ್ತಾಗುತ್ತಿತ್ತು. ಅಂಗೈಯಲ್ಲಿ ಹಗ್ಗದ ಬರೆ ಎದ್ದಿತ್ತು. ಮಗಳು ಏನೋ ಹೇಳಲು ಬಾಯಿ ತೆರೆದರೆ, "ಮೊದಲು ಮೈ ಒರೆಸ್ಕೋ" ಎಂದು ಟವಲು ಎಸೆದಳು.

ಸೋಮವಾರದವರೆಗೆ ಕಾಯುವ ತಾಳ್ಮೆ ಲತಾಮಣಿಗಿರಲಿಲ್ಲ. ಅಲ್ಲೇ ತೆಂಗಿನ ಮರದ ಕೆಳಗೆ ನಿಂತು ಇಂದುಧರನಿಗೆ ಫೋನು ಮಾಡಿದಳು. "ಸರ್, ಭಾರದ್ದೇ ತರಿಸಿ, ಮೂವರಿಗೂ. ಇನ್ನೊಂದು ವಿಷಯ ಸರ್, ತಲೆ ನೀರೊಳಗೆ ಹೋಗೋವರೆಗೂ ಯಾರೂ ಅದರಲ್ಲಿ ಉಸಿರಾಡಬಾರದು, ಗುಂಡಿ ಅಂತೂ ಮುಟ್ಟಲೇಬಾರದು. ನಾನೂ ಸೇರಿ" ಎಂದಳು. ಇಂದುಧರ ನಗುತ್ತಿದ್ದದ್ದು, ಆಮೇಲೆ ಸರಿ ಸರಿ ಎಂದದ್ದು ಹೊರಗೂ ಕೇಳಿಸಿತು. ಜೊತೆಗೆ, ಹೊರಡುವ ತಯಾರಿ ಮಾಡಿಕೊಳ್ಳಿ ಎಂದ.

ದ್ಯಾವಮ್ಮ ಕೈ ಚಾಚಿದಳು. "ಕೊಡಿಲ್ಲಿ."

ಇವಳೇನು ಹೇಳುತ್ತಾಳೋ ಎಂದು ಲತಾಮಣಿ ಹಿಂದೆಮುಂದೆ ನೋಡಿದಳು. ಮಗಳನ್ನು ಕಳಿಸುವುದಿಲ್ಲ ಎಂದರೂ ಎಂದಾಳು. ಆದರೂ ಫೋನು ಕೊಟ್ಟಳು.

"ಸ್ವಾಮೀ, ನಾನು ಲತಾಮಣಿ ತಾಯಿ. ಅಲ್ಲಿ ಇವಳ ಹಗ್ಗ ಹಿಡಿಯೋರು ಯಾರು?"

"ನಾನೇ ಹಿಡೀತೀನಮ್ಮ. ನೀವೇನೂ ಹೆದರ್ಬೇಡಿ, ಗಟ್ಟಿಯಾಗೇ ಹಿಡೀತೀನಿ."

"ಅದನ್ನೇ ಹೇಳಾಕೆ ಫೋನ್ ಈಸ್ಕೊಂಡಿದ್ದು" ಎಂದಳು ದ್ಯಾವಮ್ಮ. "ಗಟ್ಟಿಯಾಗಿ ಹಿಡೀಬ್ಯಾಡಿ. ಅವಳು ಒಳಗಿಂದ ಎರಡು ಸಲ ಎಳೀತಾಳೆ. ನಿಮ್ಗೆ ಬಿಡಾಕೆ ಮನಸ್ಸು ಬರಲ್ಲ. ಆದ್ರೂ ಬಿಡ್ಬೇಕು."



"ಬಿಡ್ತೀನಮ್ಮ" ಎಂದ ಇಂದುಧರ.